ಮಂಜು ಕವಿದಾಗ ಕೊಲ್ಲಿ ಹಿಡಿದು ಇಳಿಯಬೇಡಿ (ತಡಿಯಂಡಮೋಳ್ ಪ್ಲಾನ್‌ಗೆ ಉತ್ತರ)

ಅಣ್ಣ, ಕೊಡಗಿನ ತಡಿಯಂಡಮೋಳ್ ಬೆಟ್ಟದಲ್ಲಿ ಮಂಜು ಬಂದರೆ ನೀರಿನ ಸದ್ದು ಹಿಡಿದು ಕೊಲ್ಲಿಯಲ್ಲೇ (ಬೆಟ್ಟದ ನೀರು ಹರಿಯುವ ಕಿರಿದಾದ ಕಣಿವೆ) ಇಳಿಯುತ್ತೇವೆ, ಹೇಗಿದ್ದರೂ ಕೆಳಗೆ ಊರು ಸಿಗುತ್ತದೆ ಅಂತ ಬರೆದಿದ್ದೀರಲ್ಲ, ದಯವಿಟ್ಟು ಅದನ್ನು ಬಿಡಿ. ಅದು ಬಯಲುಸೀಮೆ ಲೆಕ್ಕ. ಇಲ್ಲಿ ಹತ್ತುವುದೂ ಏಣಿನ ಮೇಲೆ, ಇಳಿಯುವುದೂ ಏಣಿನ ಮೇಲೆ. ಏಣು ಅಂದರೆ ಬೆಟ್ಟದ ಬೆನ್ನು, ಎರಡು ಕೊಲ್ಲಿಗಳ ನಡುವೆ ಎದ್ದಿರುವ ಸಾಲು.

ಹಿಂದೊಮ್ಮೆ ನಮ್ಮ ಗುಂಪು ಇದೇ ಬುದ್ಧಿ ಓಡಿಸಿತ್ತು. ಮೊದಲಿಗೆ ಕೊಲ್ಲಿ ಸಾಧುವಾಗಿಯೇ ಇತ್ತು, ಪಾದ ಮುಳುಗುವಷ್ಟು ನೀರು. ಸ್ವಲ್ಪ ಇಳಿಯುತ್ತಿದ್ದ ಹಾಗೆ ಎರಡೂ ಕಡೆ ಬರೆ (ಕಡಿದಾದ ಮಣ್ಣಿನ ಗೋಡೆ) ಎದ್ದು ನಿಂತಿತು. ಪಾಚಿ ಕಟ್ಟಿದ ಕಲ್ಲು, ರೇನ್‌ಕೋಟ್ ಹಿಡಿದೆಳೆಯುವ ಬೆತ್ತದ ಮುಳ್ಳು. ಅದಕ್ಕಿಂತ ಕೆಟ್ಟದ್ದು ಸದ್ದು. ಹತ್ತು ಹೆಜ್ಜೆ ಹಿಂದಿದ್ದವನು ಸೀಟಿ ಊದಿದರೂ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಮುಂದೆ ನೆಲವೇ ಇಲ್ಲ, ನೀರು ಮಂಜಿನೊಳಗೆ ಬೀಳುತ್ತಿದೆ. ಬೇರು ಹಿಡಿದು ತೆವಳಿಕೊಂಡು ವಾಪಸ್ ಹತ್ತಬೇಕಾಯಿತು. ಇಲ್ಲೇ ಹತ್ತಿರದ ಚೇಲಾವರ ಅಬ್ಬಿಯನ್ನು (ಜಲಪಾತ) ಎಲ್ಲರೂ ಕೆಳಗಿನಿಂದ ನೋಡುತ್ತಾರೆ. ಮೇಲಿನಿಂದ ಬರುವವನಿಗೆ ಅಬ್ಬಿ ಕಾಣುವುದೇ ಇಲ್ಲ, ಅಲ್ವಾ?

ಇನ್ನೊಂದು ವಿಷಯ. ಈ ಸಾಲಿನಲ್ಲಿ ಪೂರ್ವಕ್ಕೆ ಇಳಿದ ನೀರು ಕಾವೇರಿಗೆ, ಪಶ್ಚಿಮಕ್ಕೆ ಇಳಿದದ್ದು ಕೇರಳಕ್ಕೆ. ಮಂಜಿನಲ್ಲಿ ತಪ್ಪು ಕೊಲ್ಲಿ ಹಿಡಿದರೆ ಬೆಟ್ಟದ ಬುಡದ ಕಕ್ಕಬೆ ಊರಿನ ಬಸ್ಸಿನ ಆಸೆ ಬಿಡಿ.

ಮೊಬೈಲಿನಲ್ಲಿ ಬರೀ ಗೂಗಲ್ ಮ್ಯಾಪ್ ನಂಬಿಕೊಂಡು ಬರಬೇಡಿ. ನನಗೆ ಓಸ್ಮ್ಆಂಡ್ (OsmAnd) ಅನ್ನುವ ಮ್ಯಾಪ್ ಆ್ಯಪ್ ಇಷ್ಟ, ನೆಟ್ ಇಲ್ಲದೆಯೂ ನಡೆಯುತ್ತದೆ. ಮನೆಯಲ್ಲೇ ಮ್ಯಾಪ್ ಇಳಿಸಿಕೊಂಡು ಎತ್ತರದ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಆನ್ ಮಾಡಿ. ಗೆರೆಯ ಮೂತಿ ನೆತ್ತಿಯ ಕಡೆ ಚುಚ್ಚಿದ್ದರೆ ಅದು ಕೊಲ್ಲಿ, ತಪ್ಪಲಿನ ಕಡೆ ಚುಚ್ಚಿದ್ದರೆ ಏಣು. ಇಷ್ಟು ಗೊತ್ತಿದ್ದರೆ ಸಾಕು. ಫೋನ್ ಮಾಡುವಾಗಲೂ 'ಬೆಟ್ಟದ ಮೇಲಿದ್ದೇವೆ' ಅನ್ನಬೇಡಿ. 1748 ಮೀಟರ್ ಬೆಟ್ಟ, ಎಲ್ಲಿ ಅಂತ ಹುಡುಕುವುದು ಮಾರಾಯ್ರೇ! ಎಷ್ಟನೇ ಮೊಟ್ಟೆ (ಏಣಿನ ಮೇಲಿನ ದಿಬ್ಬ), ಕೊಲ್ಲಿ ಯಾವ ಕೈಗೆ, ಶೋಲದ (ಹುಲ್ಲುಗಾವಲಿನ ನಡುವಿನ ದಟ್ಟ ಕಾಡು) ಒಳಗೋ ಅಂಚಿನಲ್ಲೋ, ಹುಲ್ಲೋ ಬಂಡೆಯೋ, ಅದನ್ನು ಹೇಳಿ. ಸಿಗ್ನಲ್ ಸಿಗುವುದಿದ್ದರೂ ಏಣಿನ ಮೇಲೆಯೇ ಜಾಸ್ತಿ.

ಹಾಗಂತ ಏಣು ಅಂದರೆ ಯಾವಾಗಲೂ ಕ್ಷೇಮ ಅಂತಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಕೇಳಿಸಿದರೆ ಮೊಟ್ಟೆಯ ಮೇಲೆ ನಿಂತು ಫೋಟೋ ತೆಗೆಯಬೇಡಿ, ಪಕ್ಕದ ಇಳಿಜಾರಿಗೆ ಇಳಿದು ಕುಕ್ಕರಗಾಲಿನಲ್ಲಿ ಕೂರಿ. ಒಂಟಿ ಮರದ ಕೆಳಗಂತೂ ಬೇಡವೇ ಬೇಡ. ಆನೆಗಳಿಗೂ ಏಣಿನ ದಾರಿ, ಎರಡು ಮೊಟ್ಟೆ ನಡುವಿನ ತಗ್ಗು ಇಷ್ಟ. ಬಿಸಿ ಲದ್ದಿ ಕಂಡರೆ ಸುಮ್ನೆ ಹಿಂದಕ್ಕೆ ಬನ್ನಿ. ಜೋರು ಮಳೆಯಲ್ಲಿ ಬರೆಯ ಕೆಳಗೆ ಜೀಪ್ ನಿಲ್ಲಿಸುವವರಿಗೆ ಏನು ಹೇಳುವುದೋ ಗೊತ್ತಿಲ್ಲ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಅಷ್ಟು ಬೇಗ ಮರೆತುಹೋಯಿತಾ? ಬರೆಯ ಬುಡದಲ್ಲಿ ಹೊಸದಾಗಿ ಕೆಸರು ನೀರು ಒಸರುತ್ತಿದ್ದರೆ, ಮೇಲೆ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಮೊದಲು ಜಾಗ ಖಾಲಿ ಮಾಡಿ.

ಶೂ ವಿಷಯ ಕೇಳಿದ್ದಿರಿ. ದುಬಾರಿ ಬ್ರ್ಯಾಂಡ್ ಬೇಡ. ಡೆಕಾಥ್ಲಾನ್ ಅಂಗಡಿಯ ಕೆಚುವಾ (Quechua) ಸಾದಾ ಜೋಡಿ ಸಾಕು, ಅಡಿಯ ಉಬ್ಬುಗಳು ಸವೆದಿರಬಾರದು ಅಷ್ಟೇ. ತೋಟದ ಗಮ್‌ಬೂಟ್ ಕೆಸರಿಗೆ ಸರಿ, ಬಂಡೆ ಮೇಲೆ ಜಾರುತ್ತದೆ. ಜಿಗಣೆಗೆ ಹೊಗೆಸೊಪ್ಪು ನೆನೆಸಿದ ನೀರನ್ನು ಸಾಕ್ಸಿಗೆ ಹಚ್ಚಿ ಒಣಗಿಸಿ, ಹಿಂದಿನ ದಿನವೇ. ಉಪ್ಪು ಮಳೆಯಲ್ಲಿ ಕರಗಿ ಹೋಗುತ್ತದೆ.