ಅಪ್ಪ ಅಮ್ಮನ ಜೊತೆ ಪ್ರಾಗ್, ವಿಯೆನ್ನಾ

ಪ್ರಾಗ್, ವಿಯೆನ್ನಾ ಎರಡರಲ್ಲಿ ಯಾವ ಊರಿಗೆ ಜಾಸ್ತಿ ದಿನ ಕೊಡಬೇಕು, ಅಪ್ಪ ಅಮ್ಮನಿಗೆ ಮಂಡಿ ನೋವಿದೆ ಅಂತ ಕೇಳಿದ್ದೀರಲ್ಲ, ನಾನಾದರೆ ವಿಯೆನ್ನಾಕ್ಕೆ ಕೊಡುತ್ತೇನೆ. ಪ್ರಾಗ್ ತುಂಬಾ ಚೆಂದ, ನಿಜ. ಆದರೆ ಹಳೇ ಊರಿನ ತುಂಬಾ ಕಲ್ಲು ಹಾಸಿದ ಬೀದಿಗಳು, ಕೋಟೆಗೆ ಏರು ದಾರಿ, ವಯಸ್ಸಾದವರಿಗೆ ಕಷ್ಟ ಅಲ್ವಾ? 1357ರಲ್ಲಿ ಕಟ್ಟಲು ಶುರು ಮಾಡಿದ ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ, ಆಮೇಲೆ ಜನಜಂಗುಳಿಯಲ್ಲಿ ಸೇತುವೆ ಮೇಲಿನ ಪ್ರತಿಮೆಗಳ ಮುಂದೆ ನಿಲ್ಲಲೂ ಜಾಗ ಸಿಗುವುದಿಲ್ಲ. ವಿಯೆನ್ನಾದಲ್ಲಿ ಹಳೇ ಊರನ್ನು ಸುತ್ತುವ ರಿಂಗ್ ರಸ್ತೆಯ ಟ್ರಾಮ್ ಹತ್ತಿದರೆ ಸಂಸತ್ತು, ಒಪೆರಾ ಎಲ್ಲ ಕೂತೇ ನೋಡಬಹುದು. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು, ಧೈರ್ಯವಾಗಿ ಬಾಟಲಿ ತುಂಬಿಸಿಕೊಳ್ಳಿ. ನಡುವೆ ರೈಲಿನಲ್ಲಿ ಸುಮಾರು 4 ಗಂಟೆ, ಸುಮ್ನೆ ವಿಮಾನ ಬೇಡ. ಪ್ರಾಗ್‌ನಲ್ಲಿ ಯೂರೋ ಅಲ್ಲ, ಕೊರುನಾ. ಕಾರ್ಡ್ ಇಟ್ಟುಕೊಳ್ಳಿ.