ಹುಲ್ಲನ್ನು ಸುತ್ತಿ ರೋಲ್ ಮಾಡುವ ಹಳೇ ರೌಂಡ್ ಬೇಲರ್ ಕೊಂಡಿದ್ದೇನೆ. ರೋಲ್ ಸಡಿಲ ಬರುತ್ತಿದೆ, ಟ್ರ್ಯಾಕ್ಟರಿನ ಬಲವನ್ನು ಬೇಲರ್ಗೆ ದಾಟಿಸುವ ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತಿದೆ. ಗಟ್ಟಿ ಬೋಲ್ಟ್ ಹಾಕಲಾ, ಇಲ್ಲಾ ಮಾರಿ ಹೊಸದು ತಗೊಳ್ಳಲಾ?

ಗಟ್ಟಿ ಬೋಲ್ಟ್ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಾನೂ ಸೆಕೆಂಡ್ ಹ್ಯಾಂಡ್ ಮಷಿನ್ನೇ ತಂದವನು. ನಮ್ಮದು ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತ ಬಿಟ್ಟು ಬೇರೆ ಮಾತಿಲ್ಲ. ಕಟಾವು ಮಷಿನ್ ಬಂದಮೇಲೆ ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ, ಎತ್ತಿ ಬಣವೆ ಒಟ್ಟಲು ಆಳು ಸಿಗುವುದಿಲ್ಲ, ಬೆಂಕಿ ಹಚ್ಚಿಬಿಡುತ್ತಾರೆ. ಅದೇ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ಕಡೆಯವರು ಮೇವಿಗಾಗಿ ಅಲೆಯುತ್ತಿರುತ್ತಾರೆ. ಇದರ ನಡುವೆ ನಾಲ್ಕು ಕಾಸು ಮಾಡೋಣ ಅಂತ ಹಳೇ ಬೇಲರ್ ತಂದೆ. ಬೆಲ್ಟಿನದಲ್ಲ, ಕಬ್ಬಿಣದ ರೋಲರ್ ಇರುವ ಸಣ್ಣದು. ನಿಮ್ಮದೂ ಅದೇ ಜಾತಿ ಅಂದುಕೊಂಡು ಹೇಳುತ್ತೇನೆ.

ಮೊದಲ ಸುಗ್ಗಿಯಲ್ಲೇ ರೋಲ್ ಸಡಿಲ. ಲಾರಿಗೆ ಎಸೆದರೆ ಅರ್ಧ ಹುಲ್ಲು ದಾರದಿಂದ ಜಾರಿ ಕೆಳಗೆ. ಕೊಂಡವರು ಬೈದರು. ಹಿಂದಿನ ಬಾಗಿಲನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇದೆಯಲ್ಲ, ಅದನ್ನು ಬಿಗಿ ಮಾಡಿದೆ. ಸ್ವಲ್ಪ ಗಟ್ಟಿಯಾಯಿತು. ಇನ್ನೊಂದು ಸುತ್ತು ಬಿಗಿ ಮಾಡಿದೆ. ಆಗ ಶುರುವಾಯಿತು ಬೋಲ್ಟ್ ಮುರಿಯೋದು. ಕಟಾವಿನ ಕಾಲದಲ್ಲಿ ಒಂದೊಂದು ತಾಸೂ ದುಡ್ಡು, ಬಾಡಿಗೆಗೆ ಕರೆದವರು ಗದ್ದೆಯ ಬದುವಿನ ಮೇಲೆ ನಿಂತು ನೋಡುತ್ತಿರುತ್ತಾರೆ. ಅಂಗಡಿಗೆ ಹೋಗಿ ಅದೇ ಅಳತೆಯ ಹೈಟೆನ್ಸಿಲ್ ಬೋಲ್ಟ್ ತಂದು ಹಾಕಿದೆ. ಅಂಗಡಿಯವನೂ "ಇದು ಜಪ್ಪಯ್ಯ ಅಂದ್ರೂ ಮುರಿಯಲ್ಲ" ಅಂದ. ನಿಜ ಹೇಳಿದ. ಬೋಲ್ಟ್ ಮುರಿಯಲಿಲ್ಲ. ಗೇರ್‌ಬಾಕ್ಸ್‌ನ ಕ್ರೌನ್ ಪಿನಿಯನ್ ಹಲ್ಲು ಮುರಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಊರೂರಲ್ಲಿ ಇದೇ ಮಾಡುತ್ತಾರೆ. ಬೋಲ್ಟಿನ ತಲೆಯ ಮೇಲೆ 4.6, 8.8 ಅಂತ ಅಂಕಿ ಇರುತ್ತದೆ. ಮೊದಲನೇ ಅಂಕಿ ಆ ಉಕ್ಕು ಎಷ್ಟು ಎಳೆತ ತಡೆಯುತ್ತದೆ ಅನ್ನೋದು: 4 ಅಂದರೆ 400 ಮೆಗಾಪಾಸ್ಕಲ್, 8 ಅಂದರೆ 800. ಅಂದರೆ ದಪ್ಪ ಅದೇ, ಉದ್ದ ಅದೇ, ಶಕ್ತಿ ಮಾತ್ರ ದುಪ್ಪಟ್ಟು. ನನ್ನ ಮಷಿನ್‌ಗೆ ಬೇಕಿದ್ದದ್ದು 4.6, ನಾನು ಹಾಕಿದ್ದು 8.8. ಒಳಗೆ ಏನಾದರೂ ಸಿಕ್ಕಿಹಾಕಿಕೊಂಡಾಗ ಟ್ರ್ಯಾಕ್ಟರ್ ತಿರುಗಿಸುವುದನ್ನು ನಿಲ್ಲಿಸುವುದಿಲ್ಲ, ಆ ಬಲ ಎಲ್ಲೋ ಒಂದು ಕಡೆ ಹೋಗಲೇಬೇಕು. ಮನೆಯ ಫ್ಯೂಸ್ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತಿದ ಹಾಗೆ ನಾನು ಮಾಡಿದ್ದು. ಕೆಲವು ಕಂಪನಿಯವರು ತಮ್ಮ ಮಷಿನ್‌ಗೆ 8.8 ಅನ್ನೇ ಹೇಳಿರುತ್ತಾರೆ, ಅದು ಬೇರೆ ಮಾತು. ನಿಮ್ಮ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕಿ, ಡಬ್ಬಿಗಟ್ಟಲೆ ತಂದಿಟ್ಟುಕೊಳ್ಳಿ.

ಗೇರ್‌ಬಾಕ್ಸ್ ಬಿಚ್ಚಿದ ಮುದುಕ ಮಿಸ್ತ್ರಿ ನನ್ನನ್ನು ಬೈಯಲೂ ಇಲ್ಲ. "ತಮ್ಮಾ, ಬೋಲ್ಟ್ ಮುರೀಲಿ ಅಂತನ ಇಟ್ಟಾರ. ಅದು ಯಾಕ ಮುರೀತು ಅಂತ ನೋಡಿದ್ಯೇನು?" ಅಂದ. ನೋಡಿರಲಿಲ್ಲ. ಆತ ರೋಲರ್‌ಗಳ ತುದಿ ತೋರಿಸಿದ. ಬೇರಿಂಗ್ ಪಕ್ಕದಲ್ಲಿ ಹುಲ್ಲು, ಹರಿದ ದಾರ ಸುತ್ತಿಕೊಂಡು ಕಟ್ಟಿಗೆಯಂತೆ ಗಟ್ಟಿಯಾಗಿತ್ತು, ಒಂದು ಬೇರಿಂಗ್ ಕೈಯಲ್ಲಿ ತಿರುಗಿಸಿದರೂ ತಿರುಗದು. ಚೈನ್ ಉದ್ದವಾಗಿ ಸ್ಪ್ರಾಕೆಟ್ ಹಲ್ಲು ಹಾರುತ್ತಿತ್ತು. ಮೇಲಾಗಿ ಶಿಯರ್ ಬೋಲ್ಟ್ ಕೂರುವ ತೂತೇ ಸವೆದು ಮೊಟ್ಟೆಯಾಕಾರವಾಗಿತ್ತು. ಅಂಥ ತೂತಿನಲ್ಲಿ ಸರಿಯಾದ ಬೋಲ್ಟೂ ಒಳಗೇ ಆಡಿ ಆಡಿ ಕತ್ತರಿಸಿಹೋಗುತ್ತದೆ, ಹೆಚ್ಚು ಲೋಡ್ ಇಲ್ಲದಿದ್ದರೂ. ಲೇತ್‌ನಲ್ಲಿ ತೂತಿಗೆ ಬುಷ್ (ಒಳಬಳೆ) ಹಾಕಿಸಿದ ಮೇಲೆ ಆ ಕಾಟ ಮುಕ್ಕಾಲು ತಪ್ಪಿತು. ನೀವು ಮೊದಲು ನೋಡಬೇಕಾದದ್ದು ಇದನ್ನೇ: ಚೈನ್ ಬಿಚ್ಚಿ, ಒಂದೊಂದೇ ರೋಲರ್ ಕೈಯಲ್ಲಿ ತಿರುಗಿಸಿ. ಬಿಗಿ ಇರುವುದು ತಾನೇ ಗೊತ್ತಾಗುತ್ತದೆ. ಚೈನ್ ಬದಲಿಸುವುದಾದರೆ ಸ್ಪ್ರಾಕೆಟ್ ಸಮೇತ ಬದಲಿಸಿ, ಹಳೇ ಹಲ್ಲು ಹೊಸ ಚೈನನ್ನು ತಿಂದುಹಾಕುತ್ತದೆ. ಬೇರಿಂಗ್ ಬಿಸಿಯಾದರೆ ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ, ಮಷಿನ್ನೇ ಸುಟ್ಟುಹೋಗುತ್ತದೆ.

ಇನ್ನು ರೋಲ್ ಸಡಿಲ ಅನ್ನೋದು. ಅದು ಸ್ಪ್ರಿಂಗಿನ ದೋಷ ಅಂತ ನಾನು ಅಂದುಕೊಂಡಿದ್ದೆ, ನೀವೂ ಹಾಗೇ ಅಂದುಕೊಂಡಿರಬಹುದು. ಹೆಚ್ಚಿನ ಸಲ ದೋಷ ಓಡಿಸುವವನದು. ರೋಲರ್ ಮಷಿನ್‌ನಲ್ಲಿ ಕೋಣೆಯ ಅಳತೆ ಬದಲಾಗುವುದಿಲ್ಲ. ಹೊಟ್ಟೆ ತುಂಬುವ ತನಕ ಹುಲ್ಲು ಒಳಗೆ ಸುಮ್ಮನೆ ಹೊರಳುತ್ತಿರುತ್ತದೆ, ಒತ್ತಡ ಬೀಳುವುದು ಕೊನೆಗೆ. ಹಾಗಾಗಿ ಈ ರೋಲಿನ ಹೊಕ್ಕಳು ಯಾವಾಗಲೂ ಮೆದು, ಹೊರಗಿನ ಪದರ ಗಟ್ಟಿ. ಕೊನೆಯ ಆ ತುಂಬುವಿಕೆಗೆ ಮೊದಲೇ ದಾರ ಬಿಟ್ಟರೆ ಜಗತ್ತಿನ ಯಾವ ಸ್ಪ್ರಿಂಗೂ ಕಾಪಾಡುವುದಿಲ್ಲ. ನಡು ಉಬ್ಬಿ ಎರಡೂ ತುದಿ ಜೊಳ್ಳಾಗಿದ್ದರೆ, ಹುಲ್ಲಿನ ಸಾಲು ಅದನ್ನು ಎತ್ತಿಕೊಳ್ಳುವ ಪಿಕ್‌ಅಪ್‌ಗಿಂತ ಕಿರಿದು, ನೀವು ನಟ್ಟನಡುವೆಯೇ ಉಣಿಸುತ್ತಿದ್ದೀರಿ ಅಂತ. ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ ಹಿಡಿದು ಓಡಿಸಿ. ಹಾವಿನ ಹಾಗೆ ಸರಸರ ಅಂಕುಡೊಂಕು ಬೇಡ, ಅದರಿಂದಲೂ ನಡುವೆಯೇ ಜಾಸ್ತಿ ಬೀಳುತ್ತದೆ. ಬೇಸಿಗೆ ಬೆಳೆಯ ಹುಲ್ಲು ಮಟಮಟ ಮಧ್ಯಾಹ್ನ ಪುಡಿಯಾಗಿ ಜಾರುತ್ತದೆ, ಒಳಗೆ ಉರುಳೋದೇ ಇಲ್ಲ. ಅಂಥ ದಿನ ಸಂಜೆ ಮಾಡಿ, ಇಲ್ಲವೇ ಪಿಟಿಓ (ಮಷಿನ್ ತಿರುಗಿಸುವ, ಟ್ರ್ಯಾಕ್ಟರಿನ ಹಿಂದಿನ ದಂಡ) ವೇಗವನ್ನು ನಿಮಿಷಕ್ಕೆ 540 ಸುತ್ತಿಗಿಂತ ತುಸು ಇಳಿಸಿ ಗೇರ್ ಏರಿಸಿ, ಹುಲ್ಲು ಒಳಗೆ ಕಡಿಮೆ ಹೊತ್ತು ಇರಲಿ. ಮುಂಗಾರು ಬೆಳೆಯದು ಉಲ್ಟಾ, ಬೆಳಗಿನ ಇಬ್ಬನಿಯಲ್ಲಿ ಸುತ್ತಿದರೆ ರೋಲ್ ಒಳಗೆ ಬಿಸಿಯಾಗಿ ಬೂಸಲು ಹಿಡಿಯುತ್ತದೆ.

ದಾರ ಹಿಡಿಯದಿದ್ದರೆ ದಾರವನ್ನು ಬಿಗಿ ಹಿಡಿಯುವ ಬ್ರೇಕ್ ತಟ್ಟೆಯನ್ನು ಅತಿಯಾಗಿ ಬಿಗಿ ಮಾಡಿದ್ದೀರಾ ನೋಡಿ, ಕೊಳವೆಯಿಂದ ದಾರದ ಬಾಲ ಹೊರಗೆ ಸಾಕಷ್ಟು ಇಳಿಬಿದ್ದಿರಲಿ. ದಾರ ಒಳಗೆ ಹೋಗುವಾಗ ಹುಲ್ಲೂ ಜೊತೆಗೆ ಹೋಗುತ್ತಿರಬೇಕು, ದಾರ ಹಿಡಿದ ಮೇಲೆ ಟ್ರ್ಯಾಕ್ಟರ್ ಮುಂದೆ ಹೋಗುವುದನ್ನು ನಿಲ್ಲಿಸಿ, ಪಿಟಿಓ ತಿರುಗುತ್ತಿರಲಿ. ಕತ್ತರಿಸದಿದ್ದರೆ ಚಾಕು ಮೊಂಡು, ಮಸೆಯಿರಿ, ಅಷ್ಟೇ. ಓಡುತ್ತಿರುವಾಗ ಕೈಯಿಂದ ದಾರ ಎಳೆದುಕೊಡುವ ಹುಡುಗರನ್ನು ನೋಡಿದ್ದೇನೆ, ಅಂಥವರನ್ನು ಆ ಮಷಿನ್ ಹತ್ತಿರ ಬಿಡಬೇಡಿ. ಪಿಟಿಓ ಬಂದ್, ಎಂಜಿನ್ ಬಂದ್, ಕೀಲಿ ಜೇಬಿನಲ್ಲಿ, ಆಮೇಲೆ ಕೈ.

ಮಾರುವ ಮಾತು ಈಗ ಬೇಡ. ಹೊಸದನ್ನು ತಂದರೂ ಸಾಲು ಅದೇ, ಡ್ರೈವರ್ ಅದೇ. ರೋಲರ್ ಬಾಗಿದ್ದರೆ ಅಥವಾ ಪಕ್ಕದ ತಗಡು ಬೇರಿಂಗ್ ಜಾಗದಲ್ಲಿ ಬಿರುಕುಬಿಟ್ಟಿದ್ದರೆ ಮಾತ್ರ ಯೋಚಿಸಿ. ಸ್ಪ್ರಿಂಗನ್ನು ಪುಸ್ತಕದ ಅಳತೆಗೆ ತನ್ನಿ, ತೂತಿಗೆ ಬುಷ್ ಹಾಕಿಸಿ, ಒಂದು ಗದ್ದೆ ಓಡಿಸಿ ನೋಡಿ.

ಒಂದು ವಿಷಯ ನೀವು ಬರೆದಿಲ್ಲ, ನಿಮ್ಮ ಟ್ರ್ಯಾಕ್ಟರ್ ಸಿಂಗಲ್ ಕ್ಲಚ್ಚೋ ಡಬಲ್ ಕ್ಲಚ್ಚೋ? ಸಿಂಗಲ್ ಆಗಿದ್ದರೆ ದಾರ ಸುತ್ತಲು ನಿಲ್ಲಿಸೋಣ ಅಂತ ಕ್ಲಚ್ ಒತ್ತಿದ ಕೂಡಲೇ ಪಿಟಿಓ ಕೂಡ ನಿಲ್ಲುತ್ತದೆ. ಬಿಟ್ಟಾಗ ತುಂಬಿದ ರೋಲ್ ಸಮೇತ ಒಮ್ಮೆಲೇ ಜಗ್ಗುತ್ತದೆ, ಆ ಜಗ್ಗಿಗೇ ಬೋಲ್ಟ್ ಹೋಗಬಹುದು. ಹಾಗಿದ್ದರೆ ಬೇಗ ನ್ಯೂಟ್ರಲ್‌ಗೆ ತಂದು ಕ್ಲಚ್ ನಿಧಾನಕ್ಕೆ ಬಿಡಲು ಡ್ರೈವರ್‌ಗೆ ಹೇಳಿ.