ಸಮಾಜ ಬದಲಾದ ಹಾಗೆ ಮಕ್ಕಳ ಕಥೆಗಳೂ ಬದಲಾಗಿವೆಯಾ?

ಮೊಬೈಲು, ಸಣ್ಣ ಕುಟುಂಬ, ಕೆಲಸಕ್ಕೆ ಹೋಗುವ ಅಮ್ಮ ಇವೆಲ್ಲ ಈಗಿನ ಮಕ್ಕಳ ಕಥೆಗಳಲ್ಲಿ ಬರುತ್ತಿವೆ, ಆದರೆ ಕಥೆ ನಿಜವಾಗಿ ಬದಲಾಗಿದೆಯಾ ಅಂತ ಕೇಳಿದ್ದೀರಿ. ನಿಮಗೂ ಮಕ್ಕಳಿಗಾಗಿ ಬರೆಯುವ ಆಸೆ ಇದೆ ಅಂದಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಮಾಸ್ತರು. ಮಕ್ಕಳಿಗೆ ಕಥೆ ಓದಿ ಹೇಳುವುದು ನನಗೆ ಬಹಳ ಇಷ್ಟದ ಕೆಲಸ. ಹಾಗಾಗಿ ಇಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಬದಲಾಗಿರುವುದು ಓದುವ ಮಗು. ಅನುಕೂಲ ಇರುವ ಮನೆಯ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದರು, ಅವರ ಕಪಾಟಿನಲ್ಲಿ ಈಗ ಇಂಗ್ಲಿಷ್ ಪುಸ್ತಕಗಳೇ ಇವೆ. ನಮ್ಮ ಕಡೆ ಕನ್ನಡ ಕಥೆ ಪುಸ್ತಕ ಬಿಡಿಸಿ ಕೂರುವವರು ಹೆಚ್ಚಾಗಿ ಕೂಲಿ ಮಾಡುವವರ ಮಕ್ಕಳು, ತಾಂಡಾದ ಮಕ್ಕಳು, ಮನೆಯಲ್ಲಿ ಮೊದಲ ಸಲ ಓದಲು ಕಲಿತವರು. 2002ರಲ್ಲಿ ಕರ್ನಾಟಕದಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ರಾಜ್ಯದ ಈಶಾನ್ಯ ಭಾಗದ ನಮ್ಮ ಜಿಲ್ಲೆಗಳಲ್ಲೇ. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಹೀಗೆ ಒಂದೊಂದಾಗಿ ಆಗಿ, ಹಿಂದೆ ದನ ಕಾಯುತ್ತಿದ್ದ ಮಗುವಿನ ಕೈಗೆ ಪುಸ್ತಕ ಬಂತು. ಆದರೆ ಬರೆಯುವವರಲ್ಲಿ ಬಹಳ ಜನರ ಕಣ್ಣ ಮುಂದೆ ಇನ್ನೂ ಬೇರೆಯೇ ಮಗು ಇದೆ. ಅದಕ್ಕೆ ಓದಿದ ಅಪ್ಪ ಇದ್ದಾನೆ, ಓದಲು ಬೇರೆ ಕೋಣೆ ಇದೆ, ಹುಟ್ಟುಹಬ್ಬಕ್ಕೆ ಕೇಕ್ ಬರುತ್ತದೆ.

ಊಟದ ವಿಷಯವನ್ನೇ ತಗೊಳ್ಳಿ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಮಕ್ಕಳಲ್ಲಿ ಪೌಷ್ಟಿಕಾಂಶದ ಕೊರತೆ ಇದೆ ಅನ್ನೋದೇ ಕಾರಣ. ಕೆಲವು ಮಠಾಧೀಶರು ವಿರೋಧ ಮಾಡಿದರು, ಮಕ್ಕಳು "ನಮಗೆ ಮೊಟ್ಟೆ ಬೇಕು" ಅಂದರು, ಊರೂರಲ್ಲಿ ಮಾತಾಯಿತು. ಒಂದು ಮಗುವಿನ ಜೀವನದಲ್ಲಿ ಇದು ಸಣ್ಣ ಘಟನೆ ಅಲ್ಲ. ತಟ್ಟೆಯಲ್ಲಿ ಮೊಟ್ಟೆ ತಗೊಂಡವನು, ಬಾಳೆಹಣ್ಣು ತಗೊಂಡವನು ಅಕ್ಕಪಕ್ಕ ಕೂತು ಉಣ್ಣುತ್ತಾರಲ್ಲ, ಅದರಲ್ಲೇ ಎಂಥ ಕಥೆ ಇದೆ ನೋಡಿ! ಆದರೂ ನಾನು ಓದಿ ಹೇಳಿದ ಪುಸ್ತಕಗಳಲ್ಲಿ ಎಲ್ಲಾ ಮಕ್ಕಳೂ ಹಣ್ಣು, ಹಾಲು, ಲಾಡು ತಿನ್ನುತ್ತಾರೆ. ತಾನು ತಿನ್ನುವುದು ಪುಸ್ತಕದಲ್ಲಿ ಎಲ್ಲೂ ಇಲ್ಲ ಅಂದರೆ, ಅದು ಹೇಳಬಾರದ ವಿಷಯ ಅಂತಲೇ ಮಗು ತಿಳಿಯುತ್ತದೆ. ಈ ಮಾತು ನನಗೆ ನಿಜವಾಗಿ ಸಂಕಟ ಕೊಡುತ್ತದೆ.

ಇನ್ನು ಅಜ್ಜಿ ಕಥೆ. ಹಳೆಯ ಪುಸ್ತಕಗಳಲ್ಲಿ ಅಜ್ಜಿ ರಾತ್ರಿ ಕಥೆ ಹೇಳುತ್ತಾಳೆ, ಅಪ್ಪ-ಅಮ್ಮ ಒಳಗೆಲ್ಲೋ ಇರುತ್ತಾರೆ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕೆಲವರು ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗುತ್ತಾರೆ, ಉಳಿದ ಮನೆಗಳಲ್ಲಿ ಮಗು ಮುತ್ಯಾ (ಅಜ್ಜ), ಆಯಿ (ಅಜ್ಜಿ) ಹತ್ತಿರ ಉಳಿಯುತ್ತದೆ. ಅಡುಗೆ, ನೀರು, ಮೊಮ್ಮಕ್ಕಳ ಜ್ವರ ಎಲ್ಲಾ ಆ ಮುದುಕಿಯ ಮೇಲೆ, ಅವಳಿಗೆ ಕಥೆ ಹೇಳುವಷ್ಟು ತ್ರಾಣ ಎಲ್ಲಿಂದ ಬರಬೇಕು? ಸಂಜೆ ಫೋನಿನಲ್ಲಿ ಅವ್ವನ ಮುಖ ಬರುತ್ತದೆ, ನೆಟ್‌ವರ್ಕ್ ಹೋದರೆ ಅದೂ ಇಲ್ಲ. ಹೀಗಾಗಿ ಮೊಬೈಲ್ ಕೆಟ್ಟದ್ದು, ಆಟಕ್ಕೆ ಹೋಗು ಅಂತ ಮುಗಿಯುವ ಕಥೆಯನ್ನು ನಾನು ಈಗ ಓದುವುದೇ ಬಿಟ್ಟಿದ್ದೇನೆ. ಮೊಬೈಲಿನಲ್ಲೇ ತನ್ನ ಅವ್ವನನ್ನು ನೋಡುವ ಮಗುವಿಗೆ ಆ ನೀತಿ ಹೇಗೆ ಹೇಳಲಿ?

ಒಳ್ಳೆಯದೂ ಆಗಿದೆ. ಹುಡುಗಿ ಈಗ ಕಥೆಯ ನಡುವೆ ಇದ್ದಾಳೆ, ವಿಮಾನ ಓಡಿಸುತ್ತಾಳೆ, ಸಂತೋಷ. ಆದರೆ ಏಳನೇ ಕ್ಲಾಸಿನ ಹುಡುಗಿಯ ಚಿಂತೆ ಪಕ್ಕದ ಊರಿನ ಹೈಸ್ಕೂಲಿಗೆ ಮನೆಯವರು ಕಳಿಸುತ್ತಾರಾ, ಇಲ್ಲ ಮದುವೆ ಮಾತು ತೆಗೆಯುತ್ತಾರಾ ಅನ್ನೋದು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ಇನ್ನು ಆ ಬಸ್ ಅವಳ ಊರಿಗೆ ಬರಬೇಕು. ಆ ಬಸ್ಸಿನ ಕಥೆಗಾಗಿ ನಾನು ಕಾಯುತ್ತಿದ್ದೇನೆ.

ಚಿತ್ರ ಜಾಸ್ತಿ, ಮಾತು ಕಡಿಮೆ ಇರುವ ಪುಸ್ತಕಗಳು ಬಂದದ್ದು ನಮಗೆ ದೊಡ್ಡ ಉಪಕಾರ. ಮನೆಯಲ್ಲಿ ಲಂಬಾಣಿ, ದಖನಿ ಉರ್ದು, ಗಡಿ ಕಡೆ ತೆಲುಗು ಆಡುವ ಮಗುವೂ ಚಿತ್ರ ಹಿಡಿದುಕೊಂಡು ಕಥೆಯೊಳಗೆ ಹೋಗುತ್ತದೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಕಥೆಗಳ ವೆಬ್‌ಸೈಟ್ ತೆರೆದ ಮೇಲೆ ಬೇಕಾದ ಕಥೆ ಇಳಿಸಿಕೊಂಡು ಮುದ್ರಿಸಬಹುದು, ಯಾರು ಬೇಕಾದರೂ ಅನುವಾದ ಮಾಡಬಹುದು. ಒಂದೇ ಕೊರತೆ, ಬೇರೆ ಭಾಷೆಯಿಂದ ಬಂದ ಎಷ್ಟೋ ಕಥೆಗಳಲ್ಲಿ ಪಾತ್ರಗಳೆಲ್ಲ ಒಂದೇ ತರಹದ ಸಪ್ಪೆ ಕನ್ನಡ ಆಡುತ್ತವೆ. ಓದುವಾಗ "ಯಾಕೆ ಅಳುತ್ತಿರುವೆ?" ಅನ್ನೋದನ್ನು ನಾನು "ಯಾಕ ಅಳಲಾಕತ್ತಿ?" ಅಂತ ಮಾಡಿದರೆ ಸಾಕು, ಹಿಂದಿನ ಸಾಲಿನವರೂ ಮುಂದೆ ಬಂದು ಕೂರುತ್ತಾರೆ.

ನೀವು ಬರೆಯಿರಿ, ಖಂಡಿತ ಬರೆಯಿರಿ. ವಿಷಯ ಹುಡುಕುವ ಮೊದಲು ಯಾವುದಾದರೂ ಪಂಚಾಯಿತಿ ಗ್ರಂಥಾಲಯದಲ್ಲಿ ಸುಮ್ನೆ ಕೂತು, ಮಕ್ಕಳು ಯಾವ ಪುಸ್ತಕ ಎತ್ತಿಕೊಳ್ಳುತ್ತಾರೆ, ಯಾವುದನ್ನು ಎರಡು ಪುಟಕ್ಕೇ ಇಡುತ್ತಾರೆ ನೋಡಿ. ನಮ್ಮ ಕಡೆ ಬರುವುದಾದರೆ ತೊಗರಿ ರಾಶಿ ಮುಗಿಯುವ ಮೊದಲೇ ಬನ್ನಿ. ಆಮೇಲೆ ಬಂದರೆ ಎಷ್ಟೋ ಮಕ್ಕಳು ಅಪ್ಪ-ಅವ್ವನ ಜೊತೆ ಊರು ಬಿಟ್ಟಿರುತ್ತಾರೆ.